ಬಿಡಿಸು ಬಳಗದ ಅಧ್ಯಕ್ಷರೂ ಬೀರುವಿನ ಬೀಗದ ಕೈಯೂ

"ಈ ಡಬ್ಬಿ ಒಳಗೆ ಹೋದದ್ದನ್ನ ಹೊರಗೆ ತೆಗೆಯೋರು ಈ ಭೂಮಿ ಮೇಲೆ ಕೆಲವೇ ಜನ ಇದ್ದಾರೆ. ಅವರಲ್ಲಿ ಮೊದಲನೆಯವನು ನಿನ್ನ ಎದುರಿಗೇ ಕೂತಿದ್ದಾನೆ, ನೋಡ್ಕೋ."

ಭಾನುವಾರ ಮಧ್ಯಾಹ್ನ, ಊಟ ಮಾಡಿ ತೊಳೆದ ಕೈ ಇನ್ನೂ ಒಣಗಿರಲಿಲ್ಲ, ಅಧ್ಯಕ್ಷರು ಭಾಮೈದನ ಮುಂದೆ ಹೀಗೆ ಘೋಷಿಸಿದರು. ಘೋಷಿಸಿ ಸುಮ್ಮನಾಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಮೇಜಿನ ಮೇಲೆ ಬೀರುವಿನ ಬೀಗದ ಕೈ ಬಿದ್ದಿತ್ತು. ಅದನ್ನು ಎತ್ತಿ ಡಬ್ಬಿಯ ಪುಟ್ಟ ಡ್ರಾಯರಿಗೆ ಹಾಕಿ, ಡ್ರಾಯರನ್ನು ಬೆರಳ ತುದಿಯಿಂದ ಒಳಕ್ಕೆ ತಳ್ಳಿದರು. ಟಕ್ ಎಂದಿತು. ಆದರೆ ಆ ಡಬ್ಬಿಯನ್ನು ತೆಗೆಯುವುದು ಹೇಗೆಂದು ಅಧ್ಯಕ್ಷರಿಗೆ ಗೊತ್ತಿರಲಿಲ್ಲ.

ಅಧ್ಯಕ್ಷರೆಂದರೆ ಯಾವುದೋ ಪಕ್ಷದ ಅಧ್ಯಕ್ಷರಲ್ಲ. ಹೊಟ್ಟೆಪಾಡಿಗೆ ಅವರದು ಕನ್ನಡಕದ ಅಂಗಡಿ. ಮರದ ಒಗಟು ಡಬ್ಬಿಗಳ ಹುಚ್ಚು ಹಿಡಿದು, ತಮ್ಮಂಥ ಹುಚ್ಚರನ್ನೆಲ್ಲ ಒಂದೆಡೆ ಸೇರಿಸಲು 'ಬಿಡಿಸು ಬಳಗ' ಎಂಬ ವೆಬ್‌ಸೈಟ್ ಕಟ್ಟಿದ್ದರು. ಕಟ್ಟಿದವರು ತಾವೇ ಆದ್ದರಿಂದ ಸಂಸ್ಥಾಪಕ ಅಧ್ಯಕ್ಷರೂ ತಾವೇ ಆದರು. ಎದುರಾಳಿ ಇರಲಿಲ್ಲ, ಮತ ಹಾಕುವವರೂ ಇರಲಿಲ್ಲ. ಅಧಿಕಾರ ಎಲ್ಲಿದೆಯೋ ಅಲ್ಲಿಗೆ ಜನ ಬರುತ್ತಾರೆ ಎನ್ನುವಂತೆ ಎರಡೇ ವರ್ಷದಲ್ಲಿ ನೂರಾ ಹನ್ನೆರಡು ಸದಸ್ಯರು ಕೂಡಿದರು.

ಬಳಗದ ಹೆಮ್ಮೆ 'ಏಳು ಬಾಗಿಲ ಡಬ್ಬಿ'. ಸದಸ್ಯನೇ ಆದ ಒಬ್ಬ ಬಡಗಿ ಅದನ್ನು ಮಾಡಿ ಎಲ್ಲರಿಗೂ ಕಳಿಸಿದ್ದ. ಅಂಗೈ ಅಗಲದ ನುಣುಪಾದ ಮರ. ಬೀಗವಿಲ್ಲ, ಹಿಡಿಯಿಲ್ಲ, ತಿರುಪಿಲ್ಲ. ಮೇಲೆ ಏಳು ಬಾಗಿಲುಗಳ ಕೆತ್ತನೆ, ಒಳಗೆಲ್ಲೋ ಒಂದು ಡ್ರಾಯರ್. ಅದನ್ನು ತೆಗೆದವರು ವೆಬ್‌ಸೈಟಿನಲ್ಲಿ 'ಬಿಡಿಸಿದೆ' ಎಂಬ ಗುಂಡಿ ಒತ್ತಿ, ಎಷ್ಟು ನಿಮಿಷವಾಯಿತೆಂದು ಬರೆದರೆ ಹೆಸರಿನ ಪಕ್ಕ ಒಂದು ನಕ್ಷತ್ರ ಬೀಳುತ್ತದೆ. ತೊಂಬತ್ತೇಳು ಜನರಿಗೆ ನಕ್ಷತ್ರ ಬಿದ್ದಿತ್ತು. ಎಲ್ಲರಿಗಿಂತ ಮೇಲೆ ಅಧ್ಯಕ್ಷರು: ನಲವತ್ತೊಂದು ನಿಮಿಷ.

ಬಳಗಕ್ಕೆ ಆರು ನಿಯಮಗಳಿದ್ದವು. ಮೊದಲನೆಯದು, ಬಿಡಿಸಿದವರು ಬಾಯಿ ಬಿಡಬಾರದು. ಒಬ್ಬ ಪಾಪದವನು ಒಮ್ಮೆ "ಮೊದಲು ಎಡಗಡೆಯಿಂದ" ಎಂದು ಬರೆಯಲು ಹೊರಟಿದ್ದ. ಬಲಗಡೆಗೆ ಬರುವುದರೊಳಗೆ ಅವನನ್ನು ಬಳಗದಿಂದಲೇ ಹೊರಗೆ ಹಾಕಿಯಾಗಿತ್ತು. ನಾಲ್ಕನೆಯ ನಿಯಮ ಇನ್ನೂ ಗಂಭೀರ: ಡಬ್ಬಿಯನ್ನು ತಲೆಕೆಳಗು ಮಾಡುವುದು ಅದನ್ನು ಮಾಡಿದ ಕೈಗೆ ಮಾಡುವ ಅವಮಾನ. ಇದನ್ನು ಯಾಕೆ ಬರೆದರೆಂದು ಕೇಳಬೇಡಿ. ಐದೇ ನಿಯಮಗಳಿದ್ದರೆ ಪುಟ ಬಿಕೋ ಎನ್ನುತ್ತದೆಂದು ನಡುವೆ ಒಂದನ್ನು ತುರುಕಿದ್ದರು, ಅಷ್ಟೆ.

ಇನ್ನು ಆ ನಲವತ್ತೊಂದು ನಿಮಿಷದ ಕಥೆ. ಎರಡು ವರ್ಷದ ಹಿಂದೆ ಅಂಚೆಯವನು ಪಾರ್ಸೆಲ್ ತಂದಿಟ್ಟಾಗ 'ಈ ಬದಿ ಮೇಲೆ' ಎಂಬ ಬಾಣದ ಗುರುತು ನೆಲ ನೋಡುತ್ತಿತ್ತು. ಬಿಚ್ಚಿದರೆ ಡಬ್ಬಿ ದಾರಿಯಲ್ಲೇ ತೆರೆದುಕೊಂಡು ಡ್ರಾಯರನ್ನು ನಾಲಿಗೆಯಂತೆ ಹೊರಗೆ ಚಾಚಿತ್ತು. ಅಧ್ಯಕ್ಷರು ಒಂದು ಫೋಟೊ ತೆಗೆದರು. ಎಷ್ಟು ನಿಮಿಷವೆಂದು ಬರೆಯಬೇಕಲ್ಲ. ನಲವತ್ತು ಎಂದರೆ ಅಂದಾಜು ಎನಿಸುತ್ತದೆ, ನಲವತ್ತೊಂದು ಎಂದರೆ ಗಡಿಯಾರ ನೋಡಿದಂತಿರುತ್ತದೆ. ಅಂದಿನಿಂದ ಡಬ್ಬಿ ಶೋಕೇಸಿನಲ್ಲಿ ತೆರೆದುಕೊಂಡೇ ಇತ್ತು. ಮುಚ್ಚುವ ಧೈರ್ಯವನ್ನು ಅಧ್ಯಕ್ಷರು ಒಮ್ಮೆಯೂ ಮಾಡಿರಲಿಲ್ಲ.

ಆ ಭಾನುವಾರ ಊಟಕ್ಕೆ ಬಂದ ಭಾಮೈದ ಲಿಫ್ಟ್ ಮೆಕ್ಯಾನಿಕ್. ಸಿಕ್ಕಿಹಾಕಿಕೊಂಡದ್ದನ್ನು ಬಿಡಿಸುವುದೇ ಅವನ ಕಸುಬು. ಶೋಕೇಸಿನ ಮುಂದೆ ನಿಂತು, "ಭಾವ, ಯಾವಾಗ ಬಂದ್ರೂ ಇದು ಬಾಯಿ ತೆರ್ಕೊಂಡೇ ಇರುತ್ತಲ್ಲ. ಮುಚ್ಚೋಕೆ ಬರಲ್ವಾ?" ಎಂದ. ಗಂಡಸಿನ ಮರ್ಯಾದೆಗೆ ಇಷ್ಟು ಸಾಕು. ಮುಂದಿನದು ನಿಮಗೆ ಗೊತ್ತೇ ಇದೆ.

ಅಷ್ಟರಲ್ಲಿ ಅಧ್ಯಕ್ಷರ ಹೆಂಡತಿ ಟೀ ಹಿಡಿದು ಬಂದರು. ಆಕೆ ಆಸ್ಪತ್ರೆಯಲ್ಲಿ ಹೆಡ್ ನರ್ಸ್. ಊರಿಗೆಲ್ಲ ಸಿಸ್ಟರ್, ಅಧ್ಯಕ್ಷರೊಬ್ಬರಿಗೆ ಮಾತ್ರ ಹೆಂಡತಿ.

"ರೀ, ಇಲ್ಲಿಟ್ಟಿದ್ದ ಬೀರು ಕೀ ಎಲ್ಲಿ?"

"ಭದ್ರವಾಗಿದೆ."

"ಎಲ್ಲಿ ಭದ್ರವಾಗಿದೆ?"

ಭಾಮೈದ ಹುಬ್ಬಿನಿಂದ ಡಬ್ಬಿಯನ್ನು ತೋರಿಸಿದ. ಆಕೆ ಡಬ್ಬಿಯನ್ನು ನೋಡಿದರು, ಗಂಡನನ್ನು ನೋಡಿದರು, ಟೀ ಲೋಟಗಳನ್ನು ಒಂದೊಂದಾಗಿ ಕೆಳಗಿಟ್ಟರು.

"ಶನಿವಾರ ಬೆಳಿಗ್ಗೆ ನಂಗದು ಬೇಕು. ಹೊಸ ಬಟ್ಟೆ ಬೀರೂಲಿದೆ. ಭಾಷಣ ಬರೆದ ನೋಟ್‌ಬುಕ್ಕೂ ಅದರಲ್ಲೇ ಇದೆ."

"ಶನಿವಾರ ಯಾಕೆ, ಈಗಲೇ ಬೇಕಾದ್ರೂ..."

"ಈಗ ಬೇಡ. ಈಗ ಟೀ ಕುಡೀರಿ."

ಅಧ್ಯಕ್ಷರಿಗೆ ಹೋದ ಜೀವ ಬಂದಂತಾಯಿತು. ಆದರೆ ಬಂದ ಜೀವಕ್ಕೆ ಆರೇ ದಿನದ ಗಡುವು. ಶನಿವಾರ ಆಕೆಗೆ ಬೀಳ್ಕೊಡುಗೆ. ಮೂವತ್ತೊಂದು ವರ್ಷ ಒಂದೇ ಆಸ್ಪತ್ರೆಯಲ್ಲಿ ದುಡಿದವರು, ಒಂದು ದಿನವೂ ವೇದಿಕೆ ಹತ್ತಿದವರಲ್ಲ. ಒಂದು ತಿಂಗಳಿಂದ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಬರೆದು, ಹೊಡೆದುಹಾಕಿ, ಮತ್ತೆ ಬರೆದು ಆ ಭಾಷಣ ಸಿದ್ಧ ಮಾಡಿದ್ದರು. ಅದನ್ನು ಒಂದು ಕ್ಷಣದ ಜಂಭಕ್ಕೆ ತಾವು ಬೀಗ ಹಾಕಿ ಕೂರಿಸಿದೆವಲ್ಲ ಎಂದು ಅಧ್ಯಕ್ಷರಿಗೆ ನಿಜವಾಗಿಯೂ ನಾಚಿಕೆಯಾಯಿತು. ಹೇಳಿಬಿಡಬಹುದಿತ್ತು. ಹೇಳಲು ಬಾಯಿ ತೆರೆದರೆ ನಲವತ್ತೊಂದು ನಿಮಿಷ ಅಡ್ಡ ಬರುತ್ತಿತ್ತು.

ಸೋಮವಾರ ಬೆಳಿಗ್ಗೆ ಆಕೆ ಎಂದಿನಂತೆ ಸ್ಪಿರಿಟ್ ಅದ್ದಿದ ಹತ್ತಿ ಹಿಡಿದು ಶೋಕೇಸನ್ನೆಲ್ಲ ಒರೆಸಿ, ತಿಂಡಿ ಮುಗಿಸಿ ಡ್ಯೂಟಿಗೆ ಹೋದರು. ಬಾಗಿಲು ಮುಚ್ಚಿಕೊಂಡದ್ದೇ ತಡ, ಅಧ್ಯಕ್ಷರು ಶೋಕೇಸಿನಲ್ಲಿದ್ದ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಅಂಗಡಿಗೆ ನಡೆದರು. ಕೌಂಟರಿನ ಕೆಳಗಿಟ್ಟುಕೊಂಡು ಒತ್ತಿದರು, ತಿರುಚಿದರು, ಕೆತ್ತನೆಯ ಏಳು ಬಾಗಿಲುಗಳನ್ನೂ ಒಂದೊಂದಾಗಿ ತಟ್ಟಿದರು. ಅಡ್ಡಡ್ಡ ಅಲ್ಲಾಡಿಸಿದರೆ ಒಳಗೆ ಕಟಕಟ ಎನ್ನುತ್ತಿತ್ತು. ಬೀಗದ ಕೈ ಕ್ಷೇಮವಾಗಿದೆ ಎಂದು ಸಮಾಧಾನಪಟ್ಟುಕೊಂಡರು. ತಲೆಕೆಳಗು ಮಾತ್ರ ಮಾಡಲಿಲ್ಲ. ತಾನೇ ಬರೆದ ನಿಯಮವನ್ನು ತಾನೇ ಮುರಿಯುವಷ್ಟು ಕೀಳು ಮನುಷ್ಯ ಅವರಲ್ಲ.

ಕಣ್ಣು ಪರೀಕ್ಷೆಗೆ ಬಂದ ಒಬ್ಬರು ಅರ್ಧ ಗಂಟೆಯಿಂದ ಎದುರಿನ ಕುರ್ಚಿಯಲ್ಲಿ ಒಂದು ಕಣ್ಣು ಮುಚ್ಚಿಕೊಂಡು ಕೂತಿದ್ದರು.

"ಈಗ ಸರಿಯಾಗಿ ಕಾಣ್ತಿದೆಯಾ?" ಎಂದು ಅಧ್ಯಕ್ಷರು ತಲೆ ಎತ್ತದೆ ಕೇಳಿದರು.

"ಚೆನ್ನಾಗಿ ಕಾಣ್ತಿದೆ ಸರ್. ನೀವು ಒಂದು ಡಬ್ಬಿ ಜೊತೆ ಗುದ್ದಾಡ್ತಿದ್ದೀರಿ."

ಮಂಗಳವಾರವೂ ಇದೇ ಪಾಡು. ಅಂದು ಇಬ್ಬರು ಗಿರಾಕಿಗಳು ಒಬ್ಬರ ಕನ್ನಡಕ ಇನ್ನೊಬ್ಬರು ಹಾಕಿಕೊಂಡು ಮನೆಗೆ ಹೋದರು. ಡಬ್ಬಿ ಮಾಡಿದ ಬಡಗಿಗೆ ಫೋನ್ ಮಾಡಬಹುದಿತ್ತು. ಆದರೆ ನಲವತ್ತೊಂದು ನಿಮಿಷಕ್ಕೆ ಮೊದಲ ಚಪ್ಪಾಳೆ ತಟ್ಟಿದವನೇ ಅವನು. ಯಾವ ಮುಖ ಇಟ್ಟುಕೊಂಡು ಕೇಳುವುದು?

ಆಗ ಅಧ್ಯಕ್ಷರ ತಲೆಗೆ ಒಂದು ಉಪಾಯ ಹೊಳೆಯಿತು. ಬಳಗದಲ್ಲಿ ತೊಂಬತ್ತೇಳು ನಕ್ಷತ್ರಗಳಿವೆ. ತಮ್ಮದನ್ನು ಬಿಟ್ಟರೂ ತೊಂಬತ್ತಾರು ಜನರಿಗೆ ಉತ್ತರ ಗೊತ್ತು. ಕೇಳುವುದು ಬೇಡ, ಹೇಳಲು ಬಿಟ್ಟರಾಯಿತು! ಬುಧವಾರ ಅಂಗಡಿಗೆ ಅರ್ಧ ದಿನ ರಜೆ ಹಾಕಿ, ವೆಬ್‌ಸೈಟಿನಲ್ಲಿ 'ನಿಮ್ಮ ಉತ್ತರ ಹಂಚಿಕೊಳ್ಳಿ' ಎಂಬ ಹೊಸ ಗುಂಡಿ ಕೂರಿಸಿ, ಅದರ ಮೇಲೆ ಒಂದು ಪ್ರಕಟಣೆ ಹೊರಡಿಸಿದರು.

"ಬಳಗದ ಬಂಧುಗಳೇ, ಜ್ಞಾನವೆಂಬುದು ಹಂಚಿದಷ್ಟೂ ಹೆಚ್ಚುವ ಸಂಪತ್ತು. ದೀರ್ಘ ಚಿಂತನೆಯ ನಂತರ ಒಂದನೆಯ ನಿಯಮವನ್ನು ಇಂದಿನಿಂದ ರದ್ದುಪಡಿಸಲಾಗಿದೆ. ಏಳು ಬಾಗಿಲ ಡಬ್ಬಿಯನ್ನು ನೀವು ಹೇಗೆ ತೆಗೆದಿರೆಂದು ಮನಬಿಚ್ಚಿ ಬರೆಯಿರಿ. ಶುಕ್ರವಾರದೊಳಗೆ ಬರೆದರೆ ಉತ್ತಮ."

ಚಪ್ಪಾಳೆಗಳ ಸುರಿಮಳೆಯಾಯಿತು. "ಎಂಥ ದೊಡ್ಡ ಮನಸ್ಸು" ಎಂದರು. "ಗುರುಗಳ ದೂರದೃಷ್ಟಿ" ಎಂದರು. ಉತ್ತರ ಮಾತ್ರ ಒಬ್ಬರೂ ಬರೆಯಲಿಲ್ಲ. ಸಂಜೆಯ ಹೊತ್ತಿಗೆ ಒಬ್ಬ ಬಸ್ ಡ್ರೈವರ್ ಬರೆದ: "ಅಧ್ಯಕ್ಷರು ನಮ್ಮನ್ನು ಪರೀಕ್ಷೆ ಮಾಡುತ್ತಿದ್ದಾರೆ. ನಾನಂತೂ ಬಾಯಿ ಬಿಡುವುದಿಲ್ಲ."

"ಇದು ಪರೀಕ್ಷೆಯಲ್ಲ" ಎಂದು ಅಧ್ಯಕ್ಷರು ಬರೆದರು.

"ಪರೀಕ್ಷೆಯಲ್ಲ ಎನ್ನುವುದೇ ಪರೀಕ್ಷೆ" ಎಂದು ಗಣಿತದ ಮೇಷ್ಟ್ರೊಬ್ಬರು ವಿವರಿಸಿದರು. ಅದಕ್ಕೆ ಐವತ್ತು ಜನ ಹೌದೆಂದರು.

ಬೆಣ್ಣೆ ಹಚ್ಚಿದ್ದು ಕೆಲಸಕ್ಕೆ ಬಾರದೆ ಹೋದಾಗ ಅಧ್ಯಕ್ಷರು ಕೋಲು ಎತ್ತಿಕೊಂಡರು. ಗುರುವಾರ ಮಧ್ಯಾಹ್ನದೊಳಗೆ ಉತ್ತರ ಬರೆಯದವರ ನಕ್ಷತ್ರ ಕಿತ್ತುಹಾಕಲಾಗುವುದು ಎಂದರು. ನಕ್ಷತ್ರ ಎಂದ ಕೂಡಲೇ ಬಳಗ ಬೆಚ್ಚಿಬಿತ್ತು. ಉತ್ತರಗಳು ಬರತೊಡಗಿದವು. ಅಧ್ಯಕ್ಷರು ಅಂಗಡಿಯ ಬಾಗಿಲು ಅರ್ಧ ಎಳೆದು, ಡಬ್ಬಿ ಮುಂದಿಟ್ಟುಕೊಂಡು, ತೋಳು ಮಡಿಸಿ ಕೂತರು.

ದರ್ಜಿ ಬರೆದಿದ್ದ: "ಮೊದಲು ಅಳತೆ ಸರಿಯಾಗಿ ತೆಗೆದುಕೊಳ್ಳಿ. ಅಳತೆ ಸರಿ ಇದ್ದರೆ ಮುಂದಿನದು ತಾನಾಗಿ ಕೂರುತ್ತದೆ." ಅಧ್ಯಕ್ಷರು ಟೇಪು ಹಿಡಿದು ಅಳೆದರು. ಏನೂ ಕೂರಲಿಲ್ಲ, ಏಳಲೂ ಇಲ್ಲ. ಸಂಗೀತದ ಟೀಚರ್ ಬರೆದಿದ್ದರು: "ಶ್ರುತಿ ಸೇರಿದಾಗ ಡಬ್ಬಿಯೇ ಹೇಳುತ್ತದೆ." ಅಧ್ಯಕ್ಷರು ಕಿವಿಗಿಟ್ಟುಕೊಂಡು ಹತ್ತು ನಿಮಿಷ ಕೂತರು. ಡಬ್ಬಿ ಏನನ್ನೂ ಹೇಳಲಿಲ್ಲ. ಬಸ್ ಡ್ರೈವರ್, "ನಿಧಾನಕ್ಕೆ ಬಿಡಿ, ಜರ್ಕ್ ಹೊಡೀಬಾರದು, ಕೈಗೇ ಗೊತ್ತಾಗುತ್ತೆ" ಎಂದಿದ್ದ. ಗಣಿತದ ಮೇಷ್ಟ್ರ ಉತ್ತರ ಒಂದು ಪುಟವಿತ್ತು. ಅಧ್ಯಕ್ಷರು ಆಸೆಯಿಂದ ಕೊನೆಯ ಸಾಲಿಗೆ ಬಂದರೆ, "ಉಳಿದ ಹಂತಗಳು ಸುಲಭವಾದ್ದರಿಂದ ಓದುಗರ ಅಭ್ಯಾಸಕ್ಕೆ ಬಿಟ್ಟಿದೆ" ಎಂದಿತ್ತು.

ಅರವತ್ತು ಉತ್ತರ ಓದುವ ಹೊತ್ತಿಗೆ ಅಧ್ಯಕ್ಷರಿಗೆ ಬೆವರು ಬಂತು. ಈ ಧಾಟಿ ಎಲ್ಲೋ ಕೇಳಿದಂತಿದೆಯಲ್ಲ ಎಂದು ಯೋಚಿಸಿದರು. ಎಲ್ಲಿ ಕೇಳಿದ್ದೆಂದು ಹೊಳೆದಾಗ ಕುರ್ಚಿಗೆ ಒರಗಿಬಿಟ್ಟರು. ಅದು ಅವರದೇ ಧಾಟಿ. ಬಾಯಿ ಬಿಡಬಾರದೆಂಬ ನಿಯಮ ಮಾಡಿದ್ದೇ ತಡ, ಯಾರು ಬೇಕಾದರೂ ಬಿಡಿಸಿದೆ ಎನ್ನಬಹುದಾಗಿತ್ತು, ಹೇಗೆಂದು ಕೇಳುವಂತಿರಲಿಲ್ಲ. ತೊಂಬತ್ತೇಳು ನಕ್ಷತ್ರ, ತೊಂಬತ್ತೇಳು ಸುಳ್ಳು. ಈ ಸುಳ್ಳಿನ ಹುತ್ತ ಕಟ್ಟಿದವರು ಅಧ್ಯಕ್ಷರೇ.

ಶುಕ್ರವಾರ ಮಧ್ಯಾಹ್ನ ಅವರು ಒಂದು ಸಾಲು ಬರೆದರು. "ನನಗೆ ಈ ಡಬ್ಬಿಯನ್ನು ತೆಗೆಯಲು ಬರುವುದಿಲ್ಲ, ಎಂದೂ ಬಂದಿರಲಿಲ್ಲ." ಬರೆದು ಕಣ್ಣು ಮುಚ್ಚಿಕೊಂಡು ಗುಂಡಿ ಒತ್ತಿದರು. ಆಮೇಲೆ ಕಟ್ಟೆ ಒಡೆಯಿತು.

"ನನಗೂ ಬರುವುದಿಲ್ಲ ಸರ್" ಎಂದ ದರ್ಜಿ. "ನನ್ನದು ಪಾರ್ಸೆಲ್‌ನಲ್ಲೇ ತೆರೆದುಕೊಂಡಿತ್ತು" ಎಂದರು ಒಂಬತ್ತು ಜನ. ಗಣಿತದ ಮೇಷ್ಟ್ರು, "ಅಭ್ಯಾಸಕ್ಕೆ ಬಿಟ್ಟ ಹಂತಗಳು ಯಾರಿಗಾದರೂ ಸಿಕ್ಕರೆ ನನಗೂ ತಿಳಿಸಿ" ಎಂದರು. ಅಧ್ಯಕ್ಷರಿಗೆ ಉಳಿದಿದ್ದ ಕೊನೆಯ ಆಸೆ ಬಡಗಿ. ಅವನ ಮಾತೂ ಬಂತು: "ಅಳತೆ ನನಗೆ ಕೆಲಸ ಕಲಿಸಿದ ಗುರುಗಳದು, ಅವರು ಈಗಿಲ್ಲ. ಅಳತೆ ನೋಡಿ ಮಾಡಿದೆ, ಮುಚ್ಚಿದೆ, ಕಳಿಸಿದೆ. ತೆಗೆಯೋದನ್ನ ಯಾರೂ ಕೇಳಲಿಲ್ಲ, ನಾನೂ ಯೋಚನೆ ಮಾಡಲಿಲ್ಲ."

ನೂರಾ ಹನ್ನೊಂದು ಅಪರಿಚಿತರ ಮುಂದೆ ತಪ್ಪೊಪ್ಪಿಕೊಂಡದ್ದಾಯಿತು. ಮನೆಯಲ್ಲಿರುವ ಒಬ್ಬರ ಮುಂದೆ ಒಪ್ಪಿಕೊಳ್ಳುವುದು ಬಾಕಿ ಇತ್ತು. ಅದು ಇದರ ನೂರು ಪಟ್ಟು ಕಷ್ಟ. ಭಾಮೈದ ಫೋನ್ ಮಾಡಿ, "ಭಾವ, ಡ್ರಿಲ್ ತಗೊಂಡು ಬರ್ಲಾ?" ಎಂದ. "ನಿನ್ನ ಕೆಲಸ ನೀನು ನೋಡ್ಕೋ" ಎಂದು ಗದರಿಸಿ ಫೋನ್ ಇಟ್ಟರು. ಇಟ್ಟವರು ನೇರವಾಗಿ ಮನೆಗೆ ಬಂದು, ಅಡುಗೆಮನೆಯ ಕೆಳಗಿನ ಕಪಾಟಿನಿಂದ ಸುತ್ತಿಗೆ ತೆಗೆದರು. ಬಳಗದ ಹೆಮ್ಮೆ ಹೋದರೆ ಹೋಗಲಿ, ಆಕೆಯ ಶನಿವಾರ ಹಾಳಾಗಬಾರದು. ಡಬ್ಬಿಯನ್ನು ಮೇಜಿನ ಮೇಲಿಟ್ಟು, ಸುತ್ತಿಗೆ ಎತ್ತಿದರು.

ಬಾಗಿಲು ತೆರೆಯಿತು. ಡ್ಯೂಟಿ ಮುಗಿಸಿದ ಸಿಸ್ಟರ್ ಒಳಗೆ ಬಂದರು. ಅಧ್ಯಕ್ಷರು ಸುತ್ತಿಗೆಯನ್ನು ಬೆನ್ನ ಹಿಂದೆ ಅಡಗಿಸಿಕೊಂಡರು. ಆಕೆ ಚೀಲ ಕೆಳಗಿಟ್ಟು, ಕೈ ತೊಳೆದು, ಎದುರಿನ ಕುರ್ಚಿಯಲ್ಲಿ ಕೂತರು. ಆಸ್ಪತ್ರೆಯಲ್ಲಿ ಆಕೆಗೆ ಒಂದು ಪದ್ಧತಿಯಿತ್ತು. ರೋಗಿಯ ಮುಖ ನೋಡಿಯೇ ಕಾಯಿಲೆ ಗೊತ್ತಾದರೂ ತಾವಾಗಿ ಹೇಳುತ್ತಿರಲಿಲ್ಲ. ಅವನ ಬಾಯಿಂದಲೇ ಬರಲಿ ಎಂದು ಕಾಯುತ್ತಿದ್ದರು.

"ಹೇಳಿ. ಎಲ್ಲಿ ನೋವು?" ಎಂದರು.

ಅಧ್ಯಕ್ಷರು ಗೋಡೆ ನೋಡಿದರು, ಗಡಿಯಾರ ನೋಡಿದರು. "ನಂಗೆ ಬರಲ್ಲ ಕಣೆ" ಎಂದರು ಕೊನೆಗೆ.

"ಏನು ಬರಲ್ಲ?"

"ಈ ಡಬ್ಬಿ ತೆಗೆಯೋಕೆ. ಯಾವತ್ತೂ ಬಂದಿಲ್ಲ. ಆ ನಲವತ್ತೊಂದು ನಿಮಿಷ ಸುಳ್ಳು. ನಿನ್ನ ಭಾಷಣಾನ ನಾನು ಹಾಳು ಮಾಡಿಬಿಟ್ಟೆ."

"ಸುಳ್ಳು ಅಂತ ಗೊತ್ತು."

"ಗೊತ್ತಾ? ಯಾವಾಗಿಂದ?"

"ಎರಡು ವರ್ಷದಿಂದ. ನಲವತ್ತೊಂದು ನಿಮಿಷ ನೀವು ಒಂದೇ ಕೆಲಸ ಮಾಡಿದ್ದನ್ನ ನಾನು ಇವತ್ತಿನ ತನಕ ನೋಡಿಲ್ಲ." ಆಕೆ ಡಬ್ಬಿಯನ್ನು ಎತ್ತಿಕೊಂಡು ಮಗುಚಿದರು.

"ತಲೆಕೆಳಗೆ ಮಾಡ್ಬೇಡ, ನಾಲ್ಕನೇ ನಿಯಮ..." ಎಂದು ಅಧ್ಯಕ್ಷರು ಅಭ್ಯಾಸಬಲದಿಂದ ಕೈ ಚಾಚಿದರು. ಬೆನ್ನ ಹಿಂದಿನ ಸುತ್ತಿಗೆ ಧಡ್ ಎಂದು ನೆಲಕ್ಕೆ ಬಿತ್ತು.

"ವಾರಕ್ಕೊಂದು ಸಲ ಒರೆಸೋಳು ನಾನು. ತಲೆಕೆಳಗೆ ಮಾಡ್ದೆ ತಳ ಒರೆಸೋದು ಹೇಗೆ?"

ಇಷ್ಟು ದಿನ ಒಳಗೆ ಕಟಕಟ ಎನ್ನುತ್ತಿದ್ದ ಮರದ ಗೂಟವೊಂದು ಕಟ್ ಎಂದು ಜಾರಿತು. ಆಕೆಯ ಹೆಬ್ಬೆರಳು ತಳದ ಹಲಗೆಯನ್ನು ಒರೆಸುವಂತೆ ಒಮ್ಮೆ ಸವರಿತು. ಡ್ರಾಯರ್ ತಾನೇ ಹೊರಗೆ ಬಂತು. ಎಲ್ಲ ಸೇರಿ ಮೂರು ಸೆಕೆಂಡೂ ಆಗಿರಲಿಲ್ಲ. ಅಧ್ಯಕ್ಷರು ಬಗ್ಗಿ ನೋಡಿದರು. ಡ್ರಾಯರ್ ಖಾಲಿ ಇತ್ತು.

ಅವರು ಎದೆ ಹಿಡಿದುಕೊಳ್ಳುವ ಮೊದಲೇ ಆಕೆ ಚೀಲದಿಂದ ಬೀರುವಿನ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟರು. "ಸೋಮವಾರ ಒರೆಸುವಾಗಲೇ ತಗೊಂಡೆ."

"ಹಾಗಾದ್ರೆ ಐದು ದಿನ ನಾನು..."

"ಖಾಲಿ ಡಬ್ಬಿ ಜೊತೆ ಗುದ್ದಾಡಿದ್ರಿ."

"ನೀನೊಂದು ಮಾತು ಹೇಳ್ಬಾರ್ದಿತ್ತಾ?"

"ನೀವೊಂದು ಮಾತು ಹೇಳ್ಬಾರ್ದಿತ್ತಾ?"

ಅಧ್ಯಕ್ಷರ ಎದೆಯ ಮೇಲಿನ ಚಪ್ಪಡಿ ಇಳಿದಂತಾಗಿ, ಐದು ದಿನದಲ್ಲಿ ಮೊದಲ ಬಾರಿಗೆ ಅವರಿಗೆ ಹಸಿವಾಯಿತು. ಬ್ರೆಡ್ ತಿನ್ನುತ್ತಲೇ ಕಂಪ್ಯೂಟರ್ ಮುಂದೆ ಕೂತು, ಆಕೆ ಹೇಳಿದಂತೆ ಒಂದಕ್ಷರ ಬದಲಿಸದೆ 'ನಿಮ್ಮ ಉತ್ತರ ಹಂಚಿಕೊಳ್ಳಿ' ಎಂಬಲ್ಲಿ ಬರೆದರು: "ತಳ ಒರೆಸಲು ಡಬ್ಬಿಯನ್ನು ಮಗುಚಿ. ಒರೆಸುವಾಗ ಹೆಬ್ಬೆರಳು ತಾನಾಗಿ ಸರಿಯಾದ ಜಾಗಕ್ಕೆ ಬರುತ್ತದೆ. ವಾರಕ್ಕೊಮ್ಮೆ ಮಾಡಿ."

ಅರ್ಧ ಗಂಟೆಯೊಳಗೆ ಬಳಗದಲ್ಲಿ ಫೋಟೊಗಳ ಜಾತ್ರೆ ನೆರೆಯಿತು. ಡಬ್ಬಿಯಲ್ಲಿ ಏನಾದರೂ ಇಟ್ಟು ಮುಚ್ಚಿದವರು ಅಧ್ಯಕ್ಷರೊಬ್ಬರೇ ಅಲ್ಲವೆಂದು ಆಗ ಗೊತ್ತಾಯಿತು. ಪಾರ್ಸೆಲ್‌ನಲ್ಲೇ ತೆರೆದುಕೊಂಡ ಡಬ್ಬಿ ಸಿಕ್ಕವರೆಲ್ಲ ಯಾರದೋ ಮುಂದೆ ಜಂಭ ಕೊಚ್ಚಲು ಹೋಗಿದ್ದರು. ಬಸ್ ಡ್ರೈವರನ ಡಬ್ಬಿಯಿಂದ ಎಂಟು ತಿಂಗಳಿಂದ ಕಾಣೆಯಾಗಿದ್ದ ಲಾಕರ್ ಕೀ ಬಂತು. ಸಂಗೀತದ ಟೀಚರ್ ಡಬ್ಬಿಯಿಂದ ಕಿವಿಯ ಓಲೆ ಬಂತು. ಗಣಿತದ ಮೇಷ್ಟ್ರ ಡಬ್ಬಿಯಿಂದ ಅವರ ಮದುವೆಯ ಉಂಗುರ ಹೊರಬಂದು, "ಮನೆಯವಳಿಗೆ ಈಗಲಾದರೂ ಹೇಳಬಹುದು" ಎಂದು ಅವರು ಬರೆದದ್ದಕ್ಕೆ ಎಲ್ಲಕ್ಕಿಂತ ಹೆಚ್ಚು ಚಪ್ಪಾಳೆ ಬಿತ್ತು. ಅಧ್ಯಕ್ಷರು ತೊಂಬತ್ತೇಳು ನಕ್ಷತ್ರಗಳನ್ನೂ ಅಳಿಸಿದರು. ಆಮೇಲೆ ಹೆಂಡತಿಯ ಹೆಸರಿಗೆ ಒಂದೇ ಒಂದನ್ನು ಹೊಸದಾಗಿ ಹಾಕಿ, ಅದರ ಮುಂದೆ 'ಮೂರು ಸೆಕೆಂಡು' ಎಂದು ಬರೆದರು. ಈ ಸಲ ಅಂಕಿ ನಿಜವಾಗಿತ್ತು.

ಶನಿವಾರ ಆಸ್ಪತ್ರೆಯ ಸಭಾಂಗಣ ತುಂಬಿತ್ತು. ಹೊಸ ಬಟ್ಟೆ ಉಟ್ಟು ವೇದಿಕೆ ಹತ್ತಿದ ಸಿಸ್ಟರ್ ನೋಟ್‌ಬುಕ್ ತೆರೆದರು. ಅಧ್ಯಕ್ಷರು ಭಾಮೈದನ ಪಕ್ಕದಲ್ಲಿ, ಮೊದಲ ಸಾಲಿನಲ್ಲಿ ಕೂತಿದ್ದರು. ಆಕೆಯ ದನಿ ಮೊದಲು ಮೆಲ್ಲಗಿತ್ತು, ಆಮೇಲೆ ಕೊನೆಯ ಸಾಲಿಗೂ ಕೇಳುವಂತಾಯಿತು. ಅಧ್ಯಕ್ಷರ ಕಣ್ಣು ಮಂಜಾಗಿ, ಕನ್ನಡಕ ತೆಗೆದು ಎರಡು ಸಲ ಒರೆಸಿಕೊಂಡರು. ಕೊನೆಯ ಪುಟಕ್ಕೆ ಬಂದಾಗ ಆಕೆ ನೋಟ್‌ಬುಕ್ ಮುಚ್ಚಿದರು.

"ಇದೊಂದು ಬರೆದಿಲ್ಲ, ನಿನ್ನೆ ತಾನೇ ಹೊಳೀತು. ಮೂವತ್ತೊಂದು ವರ್ಷದಲ್ಲಿ ನಾನು ಕಲಿತಿದ್ದು ಇಷ್ಟೇ. ನೋವು ಎಲ್ಲಿದೆ ಅಂತ ನಮಗೆ ಮೊದಲೇ ಗೊತ್ತಿರುತ್ತೆ. ಆದ್ರೂ ರೋಗಿ ಬಾಯಿಬಿಟ್ಟು ಹೇಳೋ ತನಕ ಕಾಯ್ಬೇಕು. ಕೆಲವರು ಐದು ನಿಮಿಷ ತಗೋತಾರೆ. ನನ್ನ ಕೊನೇ ರೋಗಿ ಐದು ದಿನ ತಗೊಂಡ್ರು."

ಸಭೆ ನಕ್ಕಿತು. ಭಾಮೈದ ನಿಧಾನವಾಗಿ ಕತ್ತು ಹೊರಳಿಸಿ ಭಾವನನ್ನೇ ನೋಡಿದ. ಆ ರೋಗಿ ಯಾರೆಂದು ಯಾರಿಗೂ ಗೊತ್ತಾಗದಿರಲಿ ಎಂದು ಅಧ್ಯಕ್ಷರು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು.

ಮನೆಗೆ ಬಂದ ಮೇಲೆ ಆಕೆ ಹೂಗುಚ್ಛವನ್ನು ನೀರಿಗಿಟ್ಟು, ನೋಟ್‌ಬುಕ್ಕನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಗಂಡನ ಕೈಗೆ ಕೊಟ್ಟರು.

"ಇದನ್ನ ಎಲ್ಲಾದ್ರೂ ಭದ್ರವಾಗಿಡಿ."

ಮತ್ತೆ ತಮ್ಮನ್ನು ನಂಬಿದರಲ್ಲ ಎಂದು ಅಧ್ಯಕ್ಷರಿಗೆ ಎದೆ ಉಬ್ಬಿತು. ಉಬ್ಬಿದ ಎದೆಯೊಂದಿಗೆ ನೇರವಾಗಿ ಶೋಕೇಸಿನ ಕಡೆ ನಡೆದು, ಡಬ್ಬಿಗೆ ಕೈ ಹಾಕಿದರು.

"ಅದರಲ್ಲಿ ಬೇಡ ಅಧ್ಯಕ್ಷರೇ" ಎಂದರು ಆಕೆ ಅಡುಗೆಮನೆಯಿಂದಲೇ. "ಅದನ್ನ ತೆಗೆಯೋಕೆ ಬರ್ದೇ ಇರೋರು ಈಗ ಯಾರೂ ಇಲ್ಲ."